ನರಸಂಧಿಯಲ್ಲಿ ಆಗಮ, ಲೋಪ, ಆದೇಶ

ಸಂಧಿ ಎಂದೊಡನೆ ಕನ್ನಡ ಶಾಲೆಯಲ್ಲಿ ಓದಿದವರ ನೆನಪಿಗೆ ಬರುವುದು ವ್ಯಾಕರಣದ ತರಗತಿ. ಎರಡು ವರ್ಣಗಳು ಕಾಲವಿಳಂಬವಿಲ್ಲದೆ ಕೂಡುವುದೇ ಸಂಧಿ ಎಂಬ ಲಕ್ಷಣವನ್ನು ಕಂಠಪಾಠ ಮಾಡದೆ ಮೇಲಿನ ತರಗತಿಗೆ ಹೋದವರು ವಿರಳ. ವೈದ್ಯಶಾಸ್ತ್ರದಲ್ಲಿ ಕೀಲುಗಳಿಗೂ ಸಂಧಿಯೆಂದೇ ಹೆಸರು. ಸಂಧಿವಾತವೆಂದರೇನೆಂಬುದನ್ನು ವಯಸ್ಸಾದವರಿಗೆ ವಿವರಿಸಬೇಕಾಗಿಲ್ಲ. ಇವೆರಡಕ್ಕೂ ಭಿನ್ನವಾದ ಮೂರನೆಯದೊಂದು ಸಂಧಿಯುಂಟು. ಒಂದು ನರಕೋಶದ ತುದಿಯು ಮತ್ತೊಂದು ನರಕೋಶವನ್ನು ಸಮೀಪಿಸುವ ತಾಣವೇ ಅದು; ಅದಕ್ಕೆ ನರಸಂಧಿಯೆಂದು ಹೆಸರು. ಹೆಸರು ಸಂಧಿಯಾದರೂ ಬಹುಪಾಲು ನರಸಂಧಿಗಳಲ್ಲಿ ಕೂಡುವಿಕೆಯೆಂಬುದಿಲ್ಲ. ಎರಡು ಕೋಶಗಳ ನಡುವೆ ಒಂದು ಮಿಲಿಮೀಟರನ್ನು 50,000 ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿನಷ್ಟು ಬಿಡುವು ಇದ್ದೇ ಇರುತ್ತದೆ. ನರತಂತುವಿನ ಉದ್ದಕ್ಕೂ ವಿದ್ಯುತ್ತಾಗಿ ಹರಿದುಬಂದ ಸಂದೇಶವು ಈ ಬಿಡುವನ್ನು ದಾಟುವುದು ಹೇಗೆಂಬುದು ವಿದ್ವಾಂಸರನ್ನು ಬಹುಕಾಲ ಕಾಡಿದ ಪ್ರಶ್ನೆ.

ಇದಕ್ಕೆ ತೃಪ್ತಿಕರವಾದ ಉತ್ತರ ದೊರೆತದ್ದು 1921ರಲ್ಲಿ. ಆಸ್ಟ್ರಿಯಾ ದೇಶದ ಗ್ರಾಟ್ಸ್ ನಗರದಲ್ಲಿ ಓಟೋ ಲೋವಿ ಎಂಬ ವಿಜ್ಞಾನಿಯು ಮಿಡಿಯುತ್ತಿದ್ದ ಎರಡು ಕಪ್ಪೆಯ ಹೃದಯಗಳನ್ನು ಉಪ್ಪುನೀರಿನ ದ್ರಾವಣದಲ್ಲಿ ಇರಿಸಿದನು. ಮೊದಲನೆಯ ಹೃದಯದ ವೇಗಸ್ ನರವನ್ನು ಪ್ರಚೋದಿಸಿದಾಗ ಅದರ ಮಿಡಿತ ನಿಧಾನವಾಯಿತು. ಆ ಹೃದಯವಿದ್ದ ದ್ರಾವಣವನ್ನು ಎರಡನೆಯದಕ್ಕೆ ಹಾಯಿಸಿದಾಗ, ನರದ ಪ್ರಚೋದನೆ ಕಿಂಚಿತ್ತೂ ಇಲ್ಲದಿದ್ದರೂ ಅದೂ ನಿಧಾನವಾಯಿತು. ನರದ ತುದಿಯಿಂದ ಯಾವುದೋ ರಸದ್ರವ್ಯವು ಹೊರಬಂದು ಕೆಲಸ ಮಾಡುತ್ತಿದೆಯೆಂಬುದು ಇದರಿಂದ ಸಿದ್ಧವಾಯಿತು. ಅದು ಅಸಿಟೈಲ್‌ಕೋಲಿನ್ ಎಂಬುದು ಮುಂದೆ ಗೊತ್ತಾಯಿತು. ಈ ಪ್ರಯೋಗದ ವಿಧಾನವು ತನಗೆ ಸ್ವಪ್ನದಲ್ಲಿ ಹೊಳೆಯಿತೆಂದು ಲೋವಿಯೇ ಹೇಳಿಕೊಂಡಿದ್ದಾನೆ. 1936ರ ನೊಬೆಲ್ ಬಹುಮಾನವನ್ನು ಆತನಿಗೂ ಇಂಗ್ಲೆಂಡಿನ ಹೆನ್ರಿ ಡೇಲ್‌ಗೂ ಹಂಚಿ ಕೊಟ್ಟರು. ಇಂತಹ ದ್ರವ್ಯಗಳನ್ನು ನರಸಂವಾಹಕಗಳೆಂದು ಕರೆಯಬಹುದು.

ಸಂವಾಹಕವು ಆಚೆಯ ದಡವನ್ನು ಮುಟ್ಟಿದರೆ ಸಾಲದು. ಅದನ್ನು ಬರಮಾಡಿಕೊಳ್ಳುವವರು ಅಲ್ಲಿರಬೇಕು. ಆಚೆಯ ಕೋಶದ ಪೊರೆಯಲ್ಲಿ ನಾಟಿಕೊಂಡಿರುವ ಕೆಲವು ಪ್ರೋಟೀನುಗಳು ಆ ಕಾರ್ಯಕ್ಕೆಂದೇ ಇವೆ. ಇವುಗಳಿಗೆ ಗ್ರಾಹಕಗಳೆಂದು ಹೆಸರು. ಅಂಗಡಿಯಲ್ಲಿ ಸಾಮಾನು ಕೊಳ್ಳುವವನನ್ನೂ ಗ್ರಾಹಕನೆಂದೇ ಕರೆಯುವುದು ಈಗ ರೂಢಿಯಾಗಿರುವುದರಿಂದ ವಿದ್ಯಾರ್ಥಿಗಳಿಗೆ ಗೊಂದಲವಾಗುವುದುಂಟು. ಗ್ರಹಿಸುವುದು ಎಂಬ ಮೂಲಾರ್ಥವನ್ನು ನೆನಪಿಗೆ ತಂದರೆ ಗೊಂದಲ ಉಳಿಯದು. ಸಂವಾಹಕವು ಬಂದು ಕುಳಿತಾಗ ಗ್ರಾಹಕದ ಆಕಾರ ಬದಲಾಗುತ್ತದೆ. ಕೆಲವು ಗ್ರಾಹಕಗಳು ಒಡನೆಯೇ ಬಾಗಿಲು ತೆರೆದು ಲವಣದ ಅಯಾನುಗಳನ್ನು ಒಳಬಿಡುತ್ತವೆ. ಮತ್ತೆ ಕೆಲವು ಒಳಗಿನ ಬೇರೆ ಪ್ರೋಟೀನುಗಳಿಗೆ ಸುದ್ದಿಯನ್ನು ದಾಟಿಸುತ್ತವೆ.

ಈ ವ್ಯವಹಾರವನ್ನೆಲ್ಲ ಹದದಲ್ಲಿಡುವವು ಕಿಣ್ವಗಳು. ಕಿಣ್ವವೆಂಬುದು ವಿಜ್ಞಾನಕ್ಕಾಗಿ ಹೊಸದಾಗಿ ಟಂಕಿಸಿದ ಶಬ್ದವಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನ ಕರ್ತವ್ಯಗಳನ್ನು ಹೇಳುವಲ್ಲಿ, ಮದ್ಯವನ್ನು ಹುದುಗೆಬ್ಬಿಸುವ ದ್ರವ್ಯಕ್ಕೆ ಈ ಹೆಸರಿದೆ. ಎನ್‌ಜೈಮ್ ಎಂಬ ಗ್ರೀಕ್ ಮೂಲದ ಶಬ್ದಕ್ಕೂ ಹುದುಗಿನಲ್ಲಿರುವುದು ಎಂದೇ ಅರ್ಥವಾದ್ದರಿಂದ ಕನ್ನಡದ ಆಯ್ಕೆಯು ಬಹಳ ಉಚಿತವಾಗಿದೆ. ಇನ್ನೊಂದು ಸ್ವಾರಸ್ಯವಿದೆ. ಕಿಣ್ವಾದಿಗಳಿಂದ ಮದಶಕ್ತಿಯು ಹುಟ್ಟುವಂತೆ ಭೂತಗಳ ಸಂಯೋಗದಿಂದ ಚೈತನ್ಯವು ಹುಟ್ಟುತ್ತದೆಯೆಂಬುದು ಚಾರ್ವಾಕರ ವಾದವೆಂದು 14ನೆಯ ಶತಮಾನದ ಸರ್ವದರ್ಶನಸಂಗ್ರಹವು ಹೇಳುತ್ತದೆ. ಆ ವಾದದ ಸಾಧುತ್ವವನ್ನು ವಿಚಾರಿಸಲು ಇದು ಸ್ಥಳವಲ್ಲ. ಚೈತನ್ಯದ ಚರ್ಚೆಯಲ್ಲಿ ಉಪಮಾನವಾಗಿ ಬಂದಿದ್ದ ಶಬ್ದವೇ ಮಿದುಳಿನಲ್ಲಿ ನಿಜವಾಗಿಯೂ ಇರುವ ವಸ್ತುವಿಗೆ ಹೆಸರಾಗಿ ನಿಂತಿರುವುದಂತೂ ಸೋಜಿಗವೇ ಸರಿ.

ಕಿಣ್ವವು ರಾಸಾಯನಿಕ ಕ್ರಿಯೆಯನ್ನು ತ್ವರಿತಗೊಳಿಸುತ್ತದೆ, ತಾನು ಮಾತ್ರ ವ್ಯಯವಾಗುವುದಿಲ್ಲ. ನರಸಂಧಿಯಲ್ಲಿ ಇದರ ಅತ್ಯಂತ ಪರಿಚಿತವಾದ ಕೆಲಸ ಕಸಗುಡಿಸುವುದು. ಸ್ನಾಯುವನ್ನು ಸೇರುವ ನರದ ತುದಿಯಿಂದ ಹೊರಟ ಅಸಿಟೈಲ್‌ಕೋಲಿನ್ ತನ್ನ ಕೆಲಸವನ್ನು ಮುಗಿಸಿದ ಕ್ಷಣವೇ ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವವು ಅದನ್ನು ತುಂಡರಿಸಿಹಾಕುತ್ತದೆ. ಈ ಕಿಣ್ವದ ಒಂದೇ ಅಣುವು ಸೆಕೆಂಡಿಗೆ ಹಲವು ಸಾವಿರ ಸಂವಾಹಕ ಅಣುಗಳನ್ನು ಸೀಳಬಲ್ಲದು. ಇದು ನಿಂತರೆ ಏನಾಗುತ್ತದೆಂಬುದನ್ನು ಹಳ್ಳಿಗಾಡಿನ ಆಸ್ಪತ್ರೆಗಳಲ್ಲಿ ಕಾಣಬಹುದು. ಹೊಲಕ್ಕೆ ಸಿಂಪಡಿಸುವ ಆರ್ಗನೋಫಾಸ್ಫರಸ್ ಜಾತಿಯ ಕೀಟನಾಶಕಗಳು ಮೈಗೆ ಇಳಿದಾಗ, ಅವುಗಳ ರಂಜಕದ ಭಾಗವು ಈ ಕಿಣ್ವದ ಮರ್ಮಸ್ಥಾನಕ್ಕೇ ಅಂಟಿಕೊಂಡು ಅದನ್ನು ನಿಷ್ಕ್ರಿಯಗೊಳಿಸುತ್ತದೆ. ಸಂವಾಹಕವು ಗುಡ್ಡೆ ಬೀಳುತ್ತದೆ, ಗ್ರಾಹಕಗಳಿಗೆ ವಿರಾಮವಿಲ್ಲದಂತಾಗುತ್ತದೆ. ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು, ಸಾಸಿವೆಯಷ್ಟು ಕಿರಿದಾದ ಕಣ್ಣಪಾಪೆ, ಸ್ನಾಯುಗಳಲ್ಲಿ ಅದುರು, ಕೊನೆಗೆ ಉಸಿರಾಟದ ನಿಲುಗಡೆ. ಅಟ್ರೋಪಿನ್ ಚುಚ್ಚುಮದ್ದು ಕೆಲವು ಗ್ರಾಹಕಗಳನ್ನು ಮುಚ್ಚಿ ಪ್ರಾಣವನ್ನು ಹಿಡಿದಿಡುತ್ತದೆ. ಅಂಟಿದ ರಂಜಕವನ್ನು ಬಿಡಿಸುವ ಪ್ರಾಲಿಡಾಕ್ಸೈಮ್ ಎಂಬ ಔಷಧವೂ ಇದೆ. ಆದರೆ ತಡವಾದಷ್ಟೂ ಆ ಅಂಟು ಬಿಗಿಯಾಗಿ, ಅನಂತರ ಯಾವ ಔಷಧಕ್ಕೂ ಬಗ್ಗದು. ಸಿಂಪರಣೆ ಮಾಡಿದವನು ತಲೆಸುತ್ತೆಂದರೆ ಮರದ ನೆರಳಿನಲ್ಲಿ ಮಲಗಿಸಿ ಕಾಯದೆ, ಬಟ್ಟೆ ಕಳಚಿ ಮೈತೊಳೆದು ಕೂಡಲೇ ಆಸ್ಪತ್ರೆಗೆ ಒಯ್ಯಬೇಕೆಂಬುದಕ್ಕೆ ಕಾರಣ ಇದು.

ಇಷ್ಟು ಸಂವಾಹಕವನ್ನು ಕುರಿತ ಮಾತು. ಗ್ರಾಹಕವನ್ನೇ ಕಿಣ್ವಗಳು ತಿದ್ದಬಲ್ಲವೆಂಬ ಅರಿವು ಇದಕ್ಕಿಂತ ತಡವಾಗಿ ಬಂದಿತು. ವಿಚಾರವೂ ಇದಕ್ಕಿಂತ ಗಹನವಾದುದು. ಬಂದ ಸಂದೇಶ ಅದೇ ಆಗಿದ್ದರೂ ಕೇಳುವ ಕಿವಿ ಇಂದು ಚುರುಕಾಗಿ ನಾಳೆ ಮಂದವಾಗಬಹುದೆಂಬುದು ಇದರ ಅರ್ಥ. ಈ ತಿದ್ದುಪಡಿಗಳನ್ನು ವಿವರಿಸಲು ಕೇಶಿರಾಜನು 13ನೆಯ ಶತಮಾನದಲ್ಲಿ ಶಬ್ದಮಣಿದರ್ಪಣದಲ್ಲಿ ನಿರೂಪಿಸಿದ ಸಂಧಿಕಾರ್ಯಗಳ ಹೆಸರುಗಳೇ ಒದಗಿಬರುತ್ತವೆ. ಮನೆ ಎಂಬುದಕ್ಕೆ ಅಲ್ಲಿ ಸೇರಿದಾಗ ಯಕಾರವು ಬಂದು ಮನೆಯಲ್ಲಿ ಎಂದಾಗುವುದು ಆಗಮ. ಮಾತು ಇಲ್ಲ ಎಂಬುದು ಮಾತಿಲ್ಲವಾಗುವಾಗ ಉಕಾರವು ಹೋಗುವುದು ಲೋಪ. ಮಳೆ ಕಾಲವು ಮಳೆಗಾಲವಾಗುವಾಗ ಒಂದರ ಸ್ಥಾನದಲ್ಲಿ ಇನ್ನೊಂದು ನಿಲ್ಲುವುದು ಆದೇಶ.

ಮೊದಲು ಆಗಮ. 1955ರಲ್ಲಿ ಅಮೆರಿಕದ ಸಿಯಾಟಲ್ ನಗರದಲ್ಲಿ ಎಡ್ಮಂಡ್ ಫಿಷರ್ ಮತ್ತು ಎಡ್ವಿನ್ ಕ್ರೆಬ್ಸ್ ಎಂಬಿಬ್ಬರು ಸ್ನಾಯುವಿನ ಪ್ರೋಟೀನೊಂದನ್ನು ಶೋಧಿಸುತ್ತಿದ್ದಾಗ, ಅದಕ್ಕೆ ಒಂದು ಫಾಸ್ಫೇಟ್ ಗುಂಪು ಸೇರಿದರೆ ಅದು ಎಚ್ಚರಗೊಳ್ಳುತ್ತದೆ, ತೆಗೆದರೆ ಮಲಗುತ್ತದೆ ಎಂಬುದನ್ನು ಕಂಡರು. ಫಾಸ್ಫೇಟನ್ನು ಎಟಿಪಿ ಎಂಬ ಶಕ್ತಿದ್ರವ್ಯದಿಂದ ತೆಗೆದು ಪ್ರೋಟೀನಿಗೆ ಸೇರಿಸುವ ಕಿಣ್ವಗಳಿಗೆ ಕೈನೇಸ್‌ಗಳೆಂದೂ, ಬಿಡಿಸುವ ಕಿಣ್ವಗಳಿಗೆ ಫಾಸ್ಫಟೇಸ್‌ಗಳೆಂದೂ ಹೆಸರು. ಆ ಇಬ್ಬರಿಗೂ ನೊಬೆಲ್ ಬಹುಮಾನ ಬರಲು 1992 ಆಗಬೇಕಾಯಿತು. ಅಷ್ಟರೊಳಗೆ ಈ ಚಿಕ್ಕ ಉಪಾಯವು ಜೀವಕೋಶದ ಬಹುತೇಕ ವ್ಯವಹಾರಗಳಲ್ಲಿ ನಡೆಯುತ್ತಿದೆಯೆಂಬುದು ತಿಳಿದುಬಂದಿತ್ತು. ಮನುಷ್ಯ ಶರೀರದಲ್ಲಿ 500ಕ್ಕೂ ಹೆಚ್ಚು ಬಗೆಯ ಕೈನೇಸ್‌ಗಳಿವೆ. ಯಕಾರವು ಎಲ್ಲೆಂದರಲ್ಲಿ ಬರದೆ ಇಂತಹ ಸ್ವರದ ಮುಂದೆ ಮಾತ್ರ ಬರುವಂತೆ, ಈ ಫಾಸ್ಫೇಟ್ ಕೂಡ ಮುಖ್ಯವಾಗಿ ಸಿರೀನ್, ಥ್ರಿಯೊನೀನ್, ಟೈರೊಸೀನ್ ಎಂಬ ಮೂರು ಅಮೈನೊ ಆಮ್ಲಗಳ ಮೇಲೆ, ಅದೂ ಪ್ರತಿಯೊಂದು ಕೈನೇಸಿಗೆ ಒಪ್ಪಿದ ನೆರೆಹೊರೆಯಿದ್ದರೆ ಮಾತ್ರ ಸೇರುತ್ತದೆ. ಫಾಸ್ಫೇಟಿನ ಋಣ ವಿದ್ಯುದಾವೇಶದ ಎಳೆತಕ್ಕೆ ಪ್ರೋಟೀನಿನ ಮಡಿಕೆ ತುಸು ಬದಲಾಗುತ್ತದೆ. ಅಷ್ಟರಿಂದಲೇ ಗ್ರಾಹಕದ ಬಾಗಿಲು ಹೆಚ್ಚು ತೆರೆಯಬಹುದು, ಅಥವಾ ಬೇಗ ಮುಚ್ಚಬಹುದು.

ಆಗಮವೆಂದರೆ ಯಾವಾಗಲೂ ಹೆಚ್ಚಳವೇ ಎಂದು ಭಾವಿಸಬಾರದು. ಹೃದಯವನ್ನು ಚುರುಕುಗೊಳಿಸುವ ನರಗಳು ನಾರ್‌ಅಡ್ರಿನಲಿನ್ ಎಂಬ ಸಂವಾಹಕವನ್ನು ಸುರಿಸುತ್ತವೆ; ಹೃದಯದ ಬೀಟಾ ಗ್ರಾಹಕಗಳು ಅದನ್ನು ಗ್ರಹಿಸುತ್ತವೆ. ಈ ಸುರಿಮಳೆ ನಿಲ್ಲದೆ ನಡೆದರೆ ಒಂದು ವಿಶಿಷ್ಟ ಕೈನೇಸ್ ಬಂದು, ಸಂವಾಹಕವನ್ನು ಹಿಡಿದುಕೊಂಡಿರುವ ಗ್ರಾಹಕಗಳನ್ನೇ ಆರಿಸಿ ಅವುಗಳ ಬಾಲಕ್ಕೆ ಫಾಸ್ಫೇಟ್ ಅಂಟಿಸುತ್ತದೆ. ಹೀಗೆ ಗುರುತು ಬಿದ್ದ ಗ್ರಾಹಕವನ್ನು ಅರೆಸ್ಟಿನ್ ಎಂಬ ಪ್ರೋಟೀನ್ ತಬ್ಬಿಕೊಂಡು ಮೌನಗೊಳಿಸುತ್ತದೆ. ಅನಂತರ ಕೋಶವು ಅದನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಒಳಗೆ ಫಾಸ್ಫಟೇಸ್ ಆ ಗುರುತನ್ನು ಅಳಿಸಿದ ಮೇಲೆ ಗ್ರಾಹಕವು ಪೊರೆಗೆ ಮರಳಬಹುದು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ರಾಬರ್ಟ್ ಲೆಫ್ಕೊವಿಟ್ಸ್ ಮತ್ತು ಅವರ ಶಿಷ್ಯವರ್ಗದವರು ದಶಕಗಳ ಪರಿಶ್ರಮದಿಂದ ಇದನ್ನು ಬಿಡಿಸಿ ತೋರಿಸಿದರು. ಬೀಟಾ ಗ್ರಾಹಕದ ಕುಟುಂಬವನ್ನು ಕುರಿತ ಶೋಧನೆಗಳಿಗಾಗಿ 2012ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಅವರಿಗೂ ಬ್ರಯಾನ್ ಕೊಬಿಲ್ಕಾ ಅವರಿಗೂ ಸಂದಿತು. ಉಬ್ಬಸದ ರೋಗಿಯು ಉಸಿರೆಳೆಯುವ ಔಷಧವನ್ನು ವೈದ್ಯರು ಹೇಳಿದ್ದಕ್ಕಿಂತ ಹೆಚ್ಚು ಬಾರಿ ಬಳಸಿದರೆ ಅದರ ಗುಣ ಕುಗ್ಗುವುದೇಕೆಂಬುದಕ್ಕೆ ಬಹುಮಟ್ಟಿಗೆ ಇದೇ ಸಮಾಧಾನ. ಶ್ವಾಸನಾಳದಲ್ಲಿರುವುದೂ ಬೀಟಾ ಗ್ರಾಹಕವೇ. ದುರ್ಬಲವಾಗುತ್ತಿರುವ ಹೃದಯದಲ್ಲಿ ಈ ಕೈನೇಸಿನ ಪ್ರಮಾಣವು ಏರಿರುತ್ತದೆಂಬುದು 1993ರಲ್ಲಿ ಪ್ರಕಟವಾದ ಅಧ್ಯಯನದಿಂದ ತಿಳಿದಿದೆ. ನರಗಳು ಎಷ್ಟು ಕೂಗಿದರೂ ಅಂತಹ ಹೃದಯಕ್ಕೆ ಕೇಳಿಸುವುದು ಕಡಿಮೆ.

ಲೋಪದ ಮಹತ್ವವು ಎದ್ದು ಕಾಣುವುದು ಕಲಿಕೆಯಲ್ಲಿ. ಅಧ್ಯಾಪಕವರ್ಗಕ್ಕೆ ಇದು ಹತ್ತಿರದ ವಿಷಯವಾದ್ದರಿಂದ ಸ್ವಲ್ಪ ವಿಸ್ತರಿಸಬೇಕು. 1973ರಲ್ಲಿ ಟಿಮ್ ಬ್ಲಿಸ್ ಮತ್ತು ತೆರಿಯೆ ಲೋಮೊ ಎಂಬವರು ಮೊಲದ ಮಿದುಳಿನ ಹಿಪ್ಪೊಕ್ಯಾಂಪಸ್ ಎಂಬ ಭಾಗದ ನರಗಳನ್ನು ಸ್ವಲ್ಪ ಹೊತ್ತು ಬಿರುಸಾಗಿ ಪ್ರಚೋದಿಸಿ ಬಿಟ್ಟಾಗ, ಅಲ್ಲಿಯ ನರಸಂಧಿಗಳು ಹಲವು ಗಂಟೆಗಳ ಕಾಲ ಬಲಗೊಂಡಿರುವುದನ್ನು ಪ್ರಕಟಿಸಿದರು. ಇದರ ಅಂತರಂಗ ಮುಂದಿನ ದಶಕಗಳಲ್ಲಿ ಬಯಲಾಯಿತು. ಅಲ್ಲಿ ಸಂದೇಶವನ್ನು ಸಾಗಿಸುವ ಗ್ಲುಟಮೇಟ್ ಎಂಬ ಸಂವಾಹಕಕ್ಕೆ ಎರಡು ಮುಖ್ಯ ಗ್ರಾಹಕಗಳು: ನಿತ್ಯದ ಕೆಲಸಕ್ಕೆ ಆಂಪಾ, ವಿಶೇಷ ಸಂದರ್ಭಕ್ಕೆ ಎನ್‌ಎಂಡಿಎ. ಪ್ರಚೋದನೆಯು ಬಿರುಸಾದಾಗ ಮಾತ್ರ ಎರಡನೆಯದು ತೆರೆದು ಕ್ಯಾಲ್ಸಿಯಂ ಅನ್ನು ಧಾರಾಳವಾಗಿ ಒಳಬಿಡುತ್ತದೆ. ಅದರಿಂದ ಎಚ್ಚೆತ್ತ ಕ್ಯಾಮ್‌ಕೈನೇಸ್-2 ಎಂಬ ಕಿಣ್ವವು ಆಂಪಾ ಗ್ರಾಹಕದ 831ನೆಯ ಸ್ಥಾನದ ಸಿರೀನಿಗೆ ಫಾಸ್ಫೇಟನ್ನು ಸೇರಿಸುತ್ತದೆ. ಗ್ರಾಹಕದ ದ್ವಾರದಲ್ಲಿ ಹರಿವು ಹೆಚ್ಚುತ್ತದೆ. ಈ ಕೈನೇಸಿನಲ್ಲಿ ಒಂದು ವಿಶೇಷವಿದೆ: ಅದರ ಹನ್ನೆರಡು ಘಟಕಗಳು ಒಂದಕ್ಕೊಂದು ಫಾಸ್ಫೇಟ್ ಅಂಟಿಸಿಕೊಂಡು, ಕ್ಯಾಲ್ಸಿಯಂ ಇಳಿದ ಮೇಲೂ ಕೆಲವು ಕಾಲ ಕೆಲಸವನ್ನು ಮುಂದುವರಿಸುತ್ತವೆ.

ಇದಕ್ಕೆ ಪ್ರತಿಯಾಗಿ ಕ್ಯಾಲ್ಸಿಯಂ ಸ್ವಲ್ಪಸ್ವಲ್ಪವಾಗಿ ಬಹಳ ಹೊತ್ತು ಒಸರಿದರೆ ಎಚ್ಚರಗೊಳ್ಳುವುದು ಕ್ಯಾಲ್ಸಿನ್ಯೂರಿನ್ ಎಂಬ ಫಾಸ್ಫಟೇಸ್. ಅದು ಮತ್ತೊಂದು ಫಾಸ್ಫಟೇಸನ್ನು ಬಂಧನದಿಂದ ಬಿಡಿಸುತ್ತದೆ. ಎರಡೂ ಸೇರಿ ಗ್ರಾಹಕಗಳ ಫಾಸ್ಫೇಟುಗಳನ್ನು ಕಳಚುತ್ತವೆ, ಗ್ರಾಹಕಗಳು ಪೊರೆಯಿಂದ ಹಿಂದೆ ಸರಿಯುತ್ತವೆ, ನರಸಂಧಿ ಬಲಗುಂದುತ್ತದೆ. ದ್ರವ್ಯ ಒಂದೇ, ಬಂದ ರೀತಿ ಬೇರೆಯಾದ್ದರಿಂದ ಫಲ ವಿಪರೀತ. ಬಾಲ್ಟಿಮೋರಿನ ರಿಚರ್ಡ್ ಹುಗಾನಿರ್ ಅವರ ಪ್ರಯೋಗಾಲಯದವರು 2003ರಲ್ಲಿ ಆಂಪಾ ಗ್ರಾಹಕದ 831 ಮತ್ತು 845ನೆಯ ಸ್ಥಾನಗಳೆರಡನ್ನೂ ಫಾಸ್ಫೇಟ್ ಅಂಟದಂತೆ ಬದಲಾಯಿಸಿದ ಇಲಿಗಳನ್ನು ಬೆಳೆಸಿದರು. ಅವುಗಳ ನರಸಂಧಿಗಳು ಬಲಗೊಳ್ಳುವುದರಲ್ಲಿಯೂ ಬಲಗುಂದುವುದರಲ್ಲಿಯೂ ಹಿಂದೆ ಬಿದ್ದವು. ಸ್ಥಳವನ್ನು ನೆನಪಿಟ್ಟುಕೊಳ್ಳುವ ಪರೀಕ್ಷೆಯಲ್ಲಿಯೂ ಕೊರತೆ ಕಂಡಿತು. ಒಂದು ಗ್ರಾಹಕದ ಎರಡು ಅಮೈನೊ ಆಮ್ಲಗಳಿಗೂ ನೆನಪಿಗೂ ನೇರವಾದ ಸಂಬಂಧವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವುದು ಕಷ್ಟ.

ಜ್ಯೂರಿಕ್ ನಗರದಲ್ಲಿ ಇಸಾಬೆಲ್ ಮಾನ್ಸುಯಿ ಮತ್ತು ಸಹೋದ್ಯೋಗಿಗಳು 2002ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಶಿಕ್ಷಕರು ವಿಶೇಷವಾಗಿ ಗಮನಿಸಬೇಕು. ಪಾಠಪಾಠಗಳ ನಡುವೆ ಸಾಕಷ್ಟು ಬಿಡುವು ಕೊಟ್ಟಾಗ ಇಲಿಗಳು ಚೆನ್ನಾಗಿ ಕಲಿಯುತ್ತವೆ, ಒತ್ತೊತ್ತಾಗಿ ಕಲಿಸಿದರೆ ಕಲಿಕೆ ಕುಂದುತ್ತದೆ. ಇದು ಮನುಷ್ಯರಲ್ಲಿಯೂ ಬಹುಕಾಲದಿಂದ ತಿಳಿದಿರುವ ಸಂಗತಿ. ಆದರೆ ಕಲಿಯುವ ಸಮಯದಲ್ಲಿ ಪ್ರೋಟೀನ್ ಫಾಸ್ಫಟೇಸ್-1 ಎಂಬ ಕಿಣ್ವವನ್ನು ತಡೆಹಿಡಿದ ಇಲಿಗಳಿಗೆ ಅಲ್ಪ ವಿರಾಮವೇ ಸಾಕಾಯಿತು. ಅವುಗಳ ಆಂಪಾ ಗ್ರಾಹಕದಲ್ಲಿ ಫಾಸ್ಫೇಟಿನ ಅಂಶ ಹೆಚ್ಚಾಗಿತ್ತು. ಕಲಿತಾದ ಮೇಲೆ ಆ ಕಿಣ್ವವನ್ನು ತಡೆದಾಗ, ಮುದಿ ಇಲಿಗಳಲ್ಲಿ ಕೂಡ, ನೆನಪು ಹೆಚ್ಚು ಕಾಲ ಉಳಿಯಿತು. ಅಂದರೆ ಮರೆವೆಂಬುದು ಮಡಕೆಯಿಂದ ನೀರು ತಾನಾಗಿ ಸೋರಿದಂತೆ ಮಾತ್ರವಲ್ಲ. ಅಳಿಸುವ ಕೆಲಸಕ್ಕೂ ಒಂದು ಕಿಣ್ವವು ನೇಮಕವಾಗಿದೆ. ಪರೀಕ್ಷೆಯ ಹಿಂದಿನ ರಾತ್ರಿ ಒಂದೇ ಸಮನೆ ಉರುಹೊಡೆದ ಬಾಲಕನು ಮರುವಾರ ಬೆಪ್ಪಾಗಿ ನಿಂತರೆ, ಅವನ ಸೋಮಾರಿತನವೊಂದನ್ನೇ ದೂರುವುದು ನ್ಯಾಯವಲ್ಲ. ಹಾಗೆಂದು ಹಿಂದಿನವರ ಕಂಠಪಾಠ ಪದ್ಧತಿಯನ್ನು ಇಲಿಯ ಸಾಕ್ಷ್ಯದಿಂದ ಸಮರ್ಥಿಸಲು ಹೊರಡುವುದೂ ದುಡುಕು. ಗ್ರಾಹಕದ ಮೇಲಿನ ಫಾಸ್ಫೇಟು ನೆನಪಿನ ಮೊದಲ ಮೆಟ್ಟಿಲು ಮಾತ್ರ. ವರ್ಷಗಟ್ಟಲೆ ಉಳಿಯುವ ನೆನಪಿಗೆ ಹೊಸ ಪ್ರೋಟೀನುಗಳ ನಿರ್ಮಾಣವೇ ಆಗಬೇಕು.

ಸಂಧಿಯು ಪ್ರಾಪ್ತವಾದರೂ ಆಗದಿರುವ ಸಂದರ್ಭವನ್ನು ವೈಯಾಕರಣರು ಪ್ರಕೃತಿಭಾವವೆನ್ನುತ್ತಾರೆ. ಇಂತಹ ನಿಷೇಧವೂ ಮಿದುಳಿನಲ್ಲಿ ಉಂಟು. ಡೋಪಮಿನ್ ಎಂಬ ಸಂವಾಹಕವು ಬಂದಾಗ ಕೆಲವು ಕೋಶಗಳಲ್ಲಿ ಡಾರ್ಪ್-32 ಎಂಬ ಪ್ರೋಟೀನಿಗೆ ಫಾಸ್ಫೇಟ್ ಸೇರುತ್ತದೆ. ಆಗ ಅದು ಮೇಲೆ ಹೇಳಿದ ಫಾಸ್ಫಟೇಸ್-1ರ ಕೈಕಟ್ಟಿಹಾಕುತ್ತದೆ. ಲೋಪವು ನಿಷೇಧವಾದ್ದರಿಂದ ಬೇರೆ ಗ್ರಾಹಕಗಳ ಮೇಲಿನ ಆಗಮವು ಉಳಿದುಕೊಳ್ಳುತ್ತದೆ. ಇದನ್ನು ಕಂಡುಹಿಡಿದ ಪಾಲ್ ಗ್ರೀನ್‌ಗಾರ್ಡ್ 2000ದ ನೊಬೆಲ್ ಬಹುಮಾನವನ್ನು ಹಂಚಿಕೊಂಡವರಲ್ಲಿ ಒಬ್ಬರು. ಕೈನೇಸ್ ಫಾಸ್ಫಟೇಸುಗಳ ಇಂತಹ ಜಾಲಗಳು ಸುತ್ತಿ ಬಂದು ತಮ್ಮನ್ನೇ ಪ್ರೇರಿಸಿಕೊಳ್ಳುವಂತೆ ಹೆಣೆದುಕೊಂಡಾಗ, ಕ್ಷಣಿಕವಾದ ಪ್ರಚೋದನೆಯೂ ದೀರ್ಘವಾದ ಫಲವನ್ನು ಉಳಿಸಬಲ್ಲದೆಂದು ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಉಪಿಂದರ್ ಭಲ್ಲಾ ಅವರು ನ್ಯೂಯಾರ್ಕಿನ ರವಿ ಅಯ್ಯಂಗಾರ್ ಅವರೊಡಗೂಡಿ 1999ರಲ್ಲಿ ಗಣಕಯಂತ್ರದ ಲೆಕ್ಕಾಚಾರದಿಂದ ತೋರಿಸಿಕೊಟ್ಟರು.

ಉಳಿದದ್ದು ಆದೇಶ. ಆಗಮ ಲೋಪಗಳು ಸಿದ್ಧವಾದ ಗ್ರಾಹಕದ ಮೇಲೆ ನಡೆದರೆ, ಇದು ಗ್ರಾಹಕವು ಹುಟ್ಟುವ ಮೊದಲೇ ನಡೆಯುತ್ತದೆ. ಪ್ರೋಟೀನಿನ ವಿಧಿಯು ವಂಶವಾಹಿಯಲ್ಲಿ ಬರೆದಿದ್ದು, ಅದರಿಂದ ಆರ್‌ಎನ್‌ಎ ಎಂಬ ಪ್ರತಿಯು ಸಿದ್ಧವಾಗಿ, ಆ ಪ್ರತಿಯನ್ನು ಓದಿ ಪ್ರೋಟೀನನ್ನು ಕಟ್ಟುತ್ತಾರೆಂಬುದು ಪ್ರೌಢಶಾಲೆಯ ಪಾಠ. ತಾಳೆಗರಿಯ ಗ್ರಂಥವನ್ನು ಪ್ರತಿ ಮಾಡುವಾಗ ಲಿಪಿಕಾರನು ಅಕ್ಷರವನ್ನು ಬದಲಾಯಿಸಿದರೆ ಅದು ಸ್ಖಾಲಿತ್ಯ. ಸಂಪಾದಕನು ಅದನ್ನು ಮೂಲಕ್ಕೆ ಹೋಲಿಸಿ ತಿದ್ದಬೇಕು. ಇಲ್ಲಿ ಮಾತ್ರ ವ್ಯವಸ್ಥೆ ತಿರುವುಮುರುವು. 1991ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಪೀಟರ್ ಸೀಬರ್ಗ್ ಮತ್ತು ಸಂಗಡಿಗರು ಆಂಪಾ ಗ್ರಾಹಕದ ಎರಡನೆಯ ಘಟಕವನ್ನು ಪರೀಕ್ಷಿಸಿದಾಗ ವಂಶವಾಹಿಯಲ್ಲಿ ಗ್ಲುಟಮಿನ್ ಎಂದಿರುವ ಒಂದು ಕಡೆ, ಪ್ರತಿಯಲ್ಲಿ ಆರ್ಜಿನಿನ್ ಎಂದಿರುವುದನ್ನು ಕಂಡರು. ಅಡಾರ್-2 ಎಂಬ ಕಿಣ್ವವು ಆರ್‌ಎನ್‌ಎಯಲ್ಲಿರುವ ಒಂದು ಅಡಿನೋಸಿನನ್ನು ಇನೋಸಿನ್ ಆಗಿ ಮಾರ್ಪಡಿಸುತ್ತದೆ. ಓದುವ ಯಂತ್ರವು ಅದನ್ನು ಗ್ವಾನೋಸಿನ್ ಎಂದು ಓದಿಕೊಳ್ಳುತ್ತದೆ. ಒಂದಕ್ಷರದ ಈ ಆದೇಶವು ಮಿದುಳಿನಲ್ಲಿ ಆ ಘಟಕದ ಹೆಚ್ಚುಕಡಿಮೆ ಎಲ್ಲ ಪ್ರತಿಗಳಲ್ಲಿಯೂ ಆಗಿರುತ್ತದೆ. ಆರ್ಜಿನಿನ್ ಬಂದು ಕುಳಿತ ಗ್ರಾಹಕವು ಕ್ಯಾಲ್ಸಿಯಂ ಅನ್ನು ಒಳಬಿಡುವುದಿಲ್ಲ. ಕ್ಯಾಲ್ಸಿಯಂ ಮಿತಿಮೀರಿ ನುಗ್ಗಿದರೆ ನರಕೋಶವು ಸಾಯುತ್ತದೆಯಾದ್ದರಿಂದ ಇದು ಪ್ರಾಣರಕ್ಷಕವಾದ ತಿದ್ದುಪಡಿ.

ಅದೇ ಪ್ರಯೋಗಾಲಯದವರು 2000ದಲ್ಲಿ ಅಡಾರ್-2 ಇಲ್ಲದ ಇಲಿಗಳನ್ನು ಬೆಳೆಸಿ ನೋಡಿದರು. ಹುಟ್ಟಿದ ಮರಿಗಳಿಗೆ ಅಪಸ್ಮಾರದಂತಹ ಸೆಳವುಗಳು ಬಂದು ಎಳವೆಯಲ್ಲಿಯೇ ಸತ್ತವು. ಆ ಕಿಣ್ವವು ತಿದ್ದುವ ಆರ್‌ಎನ್‌ಎಗಳು ಹಲವು. ಸಾವಿಗೆ ಯಾವುದು ಕಾರಣವೆಂದು ಹೇಳುವುದು ಹೇಗೆ? ಅವರು ಮಾಡಿದ ಉಪಾಯ ಸರಳವಾದುದು. ಕಿಣ್ವವಿಲ್ಲದ ಇಲಿಯ ವಂಶವಾಹಿಯಲ್ಲಿಯೇ ಈ ಒಂದು ಸ್ಥಾನದಲ್ಲಿ ಆರ್ಜಿನಿನ್ ಬರುವಂತೆ ಅಕ್ಷರವನ್ನು ಬದಲಾಯಿಸಿದರು. ತಿದ್ದುವವನಿಲ್ಲದಿದ್ದರೂ ಮೂಲದಲ್ಲಿಯೇ ತಿದ್ದಿದ ಪಾಠವಿದ್ದುದರಿಂದ ಆ ಮರಿಗಳು ಸೆಳವಿಲ್ಲದೆ ಬೆಳೆದು ದೊಡ್ಡವಾದವು. 2004ರಲ್ಲಿ ಜಪಾನಿನ ವಿಜ್ಞಾನಿಗಳು, ಕೈಕಾಲುಗಳ ಸ್ನಾಯುಗಳು ಕ್ರಮೇಣ ಕೃಶವಾಗಿ ಸೊರಗುವ ಎಎಲ್‌ಎಸ್ ಎಂಬ ರೋಗದಿಂದ ಮೃತರಾದವರ ಬೆನ್ನುಹುರಿಯ ಚಾಲಕ ನರಕೋಶಗಳನ್ನು ಒಂದೊಂದಾಗಿ ಬಿಡಿಸಿ ಪರೀಕ್ಷಿಸಿದಾಗ, ಹಲವು ಕೋಶಗಳಲ್ಲಿ ಇದೇ ಅಕ್ಷರವು ತಿದ್ದದೆ ಉಳಿದಿತ್ತು.